ನಾನು ವಾಪಸು ಕಳಿಸಿದ ಡಬ್ಬಾ

ಹೋದ ತಿಂಗಳು ಮೂವರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಮೂವರೂ ಮನಃಶಾಸ್ತ್ರ ಓದಿ ಮುಗಿಸಿ ಈಗಷ್ಟೇ ಥೆರಪಿಸ್ಟ್ ಕೆಲಸಕ್ಕೆ ಇಳಿಯುತ್ತಿರುವವರು. ಒಬ್ಬಳು ವಾಶಿಯವಳು, ಇಬ್ಬರು ಕಲ್ಯಾಣದವರು. ಚಹಾ ಕುಡಿದಾದ ಮೇಲೆ ನೋಟ್‌ಬುಕ್ ತೆರೆದಿಟ್ಟುಕೊಂಡು, "ಮೇಡಂ, ಆಪ್‌ಕಾ ಟೆಕ್ನಿಕ್ ಕ್ಯಾ ಥಾ?" ಎಂದು ಕೇಳಿದರು. ನಾನು ಜೋರಾಗಿ ನಕ್ಕುಬಿಟ್ಟೆ. ಪಾಪ, ಅವರಿಗೆ ಬೇಜಾರಾಗಿರಬೇಕು. ಟೆಕ್ನಿಕ್ ಇತ್ತು, ಇಲ್ಲವೆಂದಲ್ಲ. ಆದರೆ ಅದು ಕೈಕೊಟ್ಟ ದಿನಗಳಲ್ಲೇ ನಾನು ಕೆಲಸ ಕಲಿತದ್ದು, ಅದನ್ನು ನೋಟ್‌ಬುಕ್ಕಿನಲ್ಲಿ ಬರೆಸುವುದು ಹೇಗೆ?

ಡೊಂಬಿವಲಿ ಪೂರ್ವದಲ್ಲಿ, ಸೀರೆಗೆ ಫಾಲ್ ಹಚ್ಚುವ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಕೋಣೆ ಇತ್ತು. ಎರಡು ಕುರ್ಚಿ, ಒಂದು ಫ್ಯಾನು, ಒಂದು ಗೋಡೆ ಗಡಿಯಾರ, ಕೆಳಗಿನಿಂದ ದಿನವಿಡೀ ಹೊಲಿಗೆ ಯಂತ್ರದ ಸದ್ದು. ಹೋದ ವರ್ಷ ಅದರ ಬೀಗದ ಕೈ ಮಾಲೀಕರಿಗೆ ಒಪ್ಪಿಸಿ ಬಂದೆ. ಆ ಕೋಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಜನರ ಎದುರು ಕೂತು ಕೇಳಿದ್ದೇನೆ. ಈ ಕೆಲಸ ಗಂಭೀರವಾದದ್ದು, ಭಾರವಾದದ್ದು ಎಂದು ಎಲ್ಲರೂ ಹೇಳುತ್ತಾರೆ. ಇದು ಎಷ್ಟು ರೋಮಾಂಚಕ ಎಂದು ಮಾತ್ರ ಯಾರೂ ಹೇಳುವುದಿಲ್ಲ! ಬುಧವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು ಕೇಳಿದರೆ ಕೊನೆಯ ವರ್ಷದಲ್ಲೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ನಾನು ಈ ಕೆಲಸಕ್ಕೆ ಬಂದದ್ದು ಕಾಲೇಜಿನಿಂದಲ್ಲ, ಸಾಲುಮನೆಗಳ ನಮ್ಮ ಚಾಳಿನ ಒಂದು ಕೋಣೆಯಿಂದ. ಅಪ್ಪ ಗದಗ ಕಡೆಯವರು, ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಅಪ್ಪ ಅವ್ವ ವರ್ಷದಲ್ಲಿ ನಾಲ್ಕಾರು ತಿಂಗಳು ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಇದ್ದದ್ದೇ ಒಂದು ಕೋಣೆ, ನಡುವೆ ನಾನು. "ನಿಮ್ಮಪ್ಪಗ ಹೇಳು, ಬೇಕಾದ್ರ ಉಣ್ಣಲಿ, ಇಲ್ಲಾಂದ್ರ ಬಿಡ್ಲಿ" ಅಂತ ಅವ್ವ ಹೇಳೋಳು. ಎರಡು ಹೆಜ್ಜೆ ಆಚೆ ಕೂತ ಅಪ್ಪನಿಗೆ ಅದು ಕೇಳಿಸಿಯೇ ಇರುತ್ತಿತ್ತು. ಆದರೂ ನಾನು ಹೋಗಿ, "ಅಪ್ಪಾ, ಅವ್ವ ಊಟಕ್ಕ ಕರೀತಾಳ" ಅನ್ನುತ್ತಿದ್ದೆ. ಅಪ್ಪ ಎದ್ದು ಬರುತ್ತಿದ್ದರು. ಎಂಟು ವರ್ಷದವಳಿದ್ದಾಗಲೇ ಮಾತನ್ನು ತಿದ್ದಿ ತೀಡಿ ಒಯ್ಯುವುದರಲ್ಲಿ ನಾನು ಪಳಗಿಬಿಟ್ಟಿದ್ದೆ. ಇಬ್ಬರು ಮನುಷ್ಯರ ನಡುವಿನ ಜಾಗದಲ್ಲಿ ಏನು ನಡೆಯುತ್ತದೆ ಎಂಬ ಹುಚ್ಚು ನನಗೆ ಹಿಡಿದದ್ದು ಅಲ್ಲಿಯೇ.

ಮೊದಲು ಕಲ್ಯಾಣದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಮಕ್ಕಳ ಮೇಲೆ ಪ್ರೀತಿ ಇದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕೌನ್ಸೆಲರ್ ಮಾಡಿದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕ್ಲಾಸಿನಲ್ಲಿ ಮಾತೇ ಬಿಟ್ಟಿದ್ದಳು. ಅವಳಿಗೆ ನಾನು ಟೈಮ್‌ಟೇಬಲ್ ಹಾಕಿಕೊಟ್ಟೆ, ಉಸಿರಾಟ ಕಲಿಸಿದೆ, ಧೈರ್ಯದ ಮಾತು ಹೇಳಿದೆ. ಫೈಲಿನಲ್ಲಿ "ಸುಧಾರಣೆ ಇದೆ" ಎಂದು ಬರೆದೆ. ಶಾಲೆ ಬಿಟ್ಟು ಹೋಗುವ ದಿನ ಅವಳು ಬಂದು, "ಟೀಚರ್, ನೀವು ತುಂಬಾ ಒಳ್ಳೆಯವರು. ಆದ್ರೆ ನಂಗಿಂತ ನೀವೇ ಜಾಸ್ತಿ ಮಾತಾಡಿದ್ರಿ" ಎಂದಳು. ಮುಖಕ್ಕೆ ಹೊಡೆದ ಹಾಗಾಯಿತು. ನಲವತ್ತನೆಯ ವಯಸ್ಸಿನಲ್ಲಿ ಮತ್ತೆ ಓದಲು ಕೂತೆ.

ಓದಿನಲ್ಲಿ ಸಿಕ್ಕಿದ್ದೇ ರಿಲೇಷನಲ್ ಸೈಕೊಥೆರಪಿ. ಹೆಸರು ದೊಡ್ಡದು, ವಿಷಯ ಸರಳ. ಮನುಷ್ಯನಿಗೆ ಗಾಯವಾಗುವುದು ಇನ್ನೊಬ್ಬ ಮನುಷ್ಯನ ಸಂಗಡ ಇರುವಾಗ, ವಾಸಿಯಾಗುವುದೂ ಇನ್ನೊಬ್ಬರ ಸಂಗಡವೇ. ಬಂದವರು ಹೊರಗೆ ಹೇಗೆ ಬದುಕುತ್ತಾರೋ ಅದನ್ನೇ ತಮಗೆ ಅರಿವಿಲ್ಲದೆ ಥೆರಪಿಸ್ಟ್ ಜೊತೆಯಲ್ಲೂ ಮಾಡುತ್ತಾರೆ. ಹಾಗಾಗಿ ಅವರ ಕಥೆಯನ್ನು ಕೇಳಿದರೆ ಸಾಲದು, ಈಗ ಇಲ್ಲಿ ನನ್ನ ಮತ್ತು ಅವರ ನಡುವೆ ಏನಾಗುತ್ತಿದೆ ಎಂದೂ ನೋಡಬೇಕು. ಇದನ್ನು ನನಗೆ ಕಲಿಸಿದವರು ಲೇಲೆ ಮೇಡಂ.

ಲೇಲೆ ಮೇಡಂ ನನ್ನ ಸೂಪರ್‌ವೈಸರ್, ಅಂದರೆ ನಾನು ಮಾಡಿದ ಕೆಲಸವನ್ನು ಹೇಳಿ ತಿದ್ದಿಸಿಕೊಳ್ಳುವ ಗುರು. ಠಾಣೆಯ ಮಾಜಿವಾಡಾದಲ್ಲಿ ಅವರ ಮನೆ. ಎತ್ತರದ ಹೆಂಗಸು, ಮಾತು ಕಡಿಮೆ, ಮೂಗಿನ ತುದಿಯಲ್ಲಿ ಸಿಟ್ಟು. ಮೊದಲ ದಿನ ನಾನು ಒಬ್ಬ ಕ್ಲೈಂಟ್ ಬಗ್ಗೆ ನಲವತ್ತು ನಿಮಿಷ ವಿವರವಾಗಿ ಒಪ್ಪಿಸಿದೆ. ಎಲ್ಲ ಕೇಳಿ, "ಅಗ ಶೈಲಾ, ಇಷ್ಟೆಲ್ಲ ನಡೆಯುವಾಗ ನೀನು ಎಲ್ಲಿದ್ದೆ?" ಎಂದರು.

"ಎದುರಿನ ಕುರ್ಚಿಯಲ್ಲಿ."

"ಕುರ್ಚಿ ವಿಷಯ ಕೇಳಲಿಲ್ಲ. ನಿನಗೆ ಏನಾಗ್ತಿತ್ತು?"

ನಾಚಿಕೆಯಿಂದ ತಲೆ ತಗ್ಗಿಸಿ, "ನಿದ್ದೆ ಬರ್ತಿತ್ತು" ಎಂದೆ.

ಅವರು ಚಪ್ಪಾಳೆ ಹೊಡೆದರು! "ವಾಹ್! ಈಗ ಶುರು ಮಾಡೋಣ. ಆ ಹೆಂಗಸು ಮಾತಾಡಿದರೆ ಮನೆಯಲ್ಲಿ ಮತ್ಯಾರಿಗೆ ನಿದ್ದೆ ಬರುತ್ತದೆ, ಕೇಳಿದ್ದೀಯಾ?" ಕೇಳಿರಲಿಲ್ಲ. ಮುಂದಿನ ವಾರ ಕೇಳಿದೆ. ಆಕೆ, ಮನೆಯಲ್ಲಿ ತಾನು ಬಾಯಿ ತೆರೆದರೆ ಗಂಡ, ಮಕ್ಕಳು, ಅತ್ತೆ ಎಲ್ಲರೂ ಟಿವಿ ಕಡೆ ತಿರುಗುತ್ತಾರೆ, ಅದಕ್ಕೇ ಯಾರಿಗೂ ತೊಂದರೆಯಾಗದ ಹಾಗೆ ಒಂದೇ ದನಿಯಲ್ಲಿ ಮಾತಾಡುವುದು ರೂಢಿಯಾಗಿದೆ ಎಂದಳು. ಹೇಳುತ್ತಾ ಹೇಳುತ್ತಾ ಅವಳ ದನಿ ಏರಿತು. ನನ್ನ ನಿದ್ದೆ ಹಾರಿಹೋಯಿತು. ಆ ಸಂಜೆ ಲೋಕಲ್ ರೈಲಿನಲ್ಲಿ ನಿಂತು ಮನೆಗೆ ಬರುವಾಗ ಒಬ್ಬಳೇ ನಗುತ್ತಿದ್ದೆನಂತೆ, ಪಕ್ಕದವಳು ಯಾಕೆಂದು ಕೇಳಿದ್ದಳು.

ಪದ್ಧತಿಗಳು ಬದಲಾದವು. ಲಾಕ್‌ಡೌನ್ ಬಂದಾಗ ಎಲ್ಲ ಫೋನಿನ ಮೇಲೆ. ಒನ್ ರೂಮ್ ಕಿಚನ್ ಮನೆಗಳಲ್ಲಿ ಐದಾರು ಜನ, ಗುಟ್ಟು ಹೇಳುವುದು ಎಲ್ಲಿ? ಒಬ್ಬರು ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಕೂತು ಮಾತಾಡುತ್ತಿದ್ದರು. ಒಬ್ಬಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು, ಹೊರಗಿನಿಂದ ಅತ್ತೆ "ನೀರು ಮುಗೀತದೆ" ಎಂದು ಬಾಗಿಲು ಬಡಿಯುತ್ತಿದ್ದರು. ಇದನ್ನೆಲ್ಲ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಲಾಕ್‌ಡೌನ್ ಮುಗಿದು ಕೋಣೆ ತೆರೆದ ಮೇಲೆ ಬಂದವರು ಸದಾಶಿವ ಶೆಟ್ರು. ಹೆಸರು ಬದಲಿಸಿದ್ದೇನೆ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಬರೀರಿ ಡಾಕ್ಟ್ರೇ, ಹೋಟೆಲ್ ಹೆಸರು ಹಾಕ್ಬೇಡಿ, ಅಷ್ಟೆ" ಅಂದಿದ್ದಾರೆ. ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ಬಿಟ್ಟವರಲ್ಲ.

ಉಡುಪಿ ಕಡೆಯವರು. ಉಲ್ಹಾಸನಗರದ ಬಟ್ಟೆ ಅಂಗಡಿಗಳ ನಡುವೆ ಅವರ ಹೋಟೆಲ್. ಅರವತ್ತರ ಹತ್ತಿರದ ವಯಸ್ಸು. ಬಂದ ತೊಂದರೆ ಎಂದರೆ, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎಲ್ಲ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಎಂದ ಮೇಲೆ ಅವರ ವೈದ್ಯರು ನನ್ನ ಹತ್ತಿರ ಕಳಿಸಿದ್ದರು. ದಿನಕ್ಕೆ ನೂರಾರು ಜನಕ್ಕೆ ಉಣಿಸುವ ಮನುಷ್ಯ ತಾನು ಗಂಜಿ ಕುಡಿದುಕೊಂಡಿದ್ದರು.

ಹೋಟೆಲ್ ತೆರವಾಗುವ ಹೊತ್ತು ನೋಡಿ ಬುಧವಾರ ಮೂರು ಗಂಟೆಗೆ ಬರುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಫ್ಯಾನಿನ ಗಾಳಿ ನನಗೆ ಬರುತ್ತಿದೆಯೇ ಎಂದು ನೋಡಿ, "ಊಟ ಆಯ್ತಾ ಡಾಕ್ಟ್ರೇ?" ಎಂದು ಶುರು ಮಾಡುತ್ತಿದ್ದರು. ಎರಡನೆಯ ವಾರ ಮಗಳ ಸುದ್ದಿ ಬಂತು. ಒಬ್ಬಳೇ ಮಗಳು, ಅಕ್ಷತಾ. ಐರೋಲಿಯಲ್ಲಿ ನೌಕರಿ, ಘನ್ಸೋಲಿಯಲ್ಲಿ ಬಾಡಿಗೆ ಮನೆ. ತಾಯಿ ತೀರಿಕೊಂಡ ಮೇಲೆ ಎರಡು ವರ್ಷದಿಂದ ಅಪ್ಪನೊಡನೆ ಮಾತಿಲ್ಲ. "ನಾನು ವಾರಕ್ಕೊಂದು ಸಲ ಡಬ್ಬಾ ಕಳಿಸ್ತೇನೆ. ಅವಳಿಗೆ ಇಷ್ಟದ್ದೇ ಮಾಡಿಸ್ತೇನೆ. ವಾಪಸ್ ಬರ್ತದೆ. ಮುಚ್ಚಳ ಕೂಡ ತೆಗೆದಿರುವುದಿಲ್ಲ" ಎಂದರು. ಅವರಿಗೆ ಬೇಕಾದದ್ದು ಅದೊಂದೇ. ಮಗಳು ಮಾತಾಡಬೇಕು.

ನಾಲ್ಕನೆಯ ಬುಧವಾರ ಅವರ ಕೈಯಲ್ಲಿ ಮೂರು ಬಟ್ಟಲಿನ ಸ್ಟೀಲ್ ಡಬ್ಬಾ. ಹಲಸಿನ ಎಲೆಯ ಕೊಟ್ಟೆ ಕಡುಬು, ಚಟ್ನಿ, ಸಾಂಬಾರು. "ನಾನೇ ನಿಂತು ಮಾಡಿಸಿದ್ದು. ಒಂದು ತುತ್ತು ತಿಂದು ನೋಡಿ." ಆಹಾ, ಆ ಪರಿಮಳ! ಆದರೆ ಹಿಂದಿನ ವಾರವಷ್ಟೇ ನವಿ ಮುಂಬಯಿಯಲ್ಲಿ ಒಂದು ಕಾರ್ಯಾಗಾರಕ್ಕೆ ಹೋಗಿ ಬಂದಿದ್ದೆ. ಕ್ಲೈಂಟ್‌ನಿಂದ ಯಾವ ಉಡುಗೊರೆಯನ್ನೂ ತೆಗೆದುಕೊಳ್ಳಬಾರದು ಎಂದು ಅಲ್ಲಿ ಮತ್ತೆ ಮತ್ತೆ ಹೇಳಿದ್ದರು. ನಾನು ಬೆನ್ನು ನೆಟ್ಟಗೆ ಮಾಡಿ, "ಶೆಟ್ರ, ನಿಮ್ಮ ಪ್ರೀತಿ ನನಗ ತಿಳೀತದ. ಆದ್ರ ನಮ್ಮ ಕೆಲಸದಾಗ ಇಂಥಾದ್ದು ತಗೋಳೂ ಹಂಗಿಲ್ರಿ" ಎಂದೆ. ಅವರು ಡಬ್ಬಾದ ಕ್ಲಿಪ್ ಮತ್ತೆ ಹಾಕಿದರು. "ಪರ್ವಾಗಿಲ್ಲ, ಪರ್ವಾಗಿಲ್ಲ" ಎಂದರು. ಉಳಿದ ಸಮಯವೆಲ್ಲ ರೈಲು ಎಷ್ಟು ತಡವಾಗುತ್ತಿದೆ ಎಂಬುದರ ಬಗ್ಗೆ ಮಾತಾಡಿ ಎದ್ದು ಹೋದರು.

ಮುಂದಿನ ಬುಧವಾರ ಬರಲಿಲ್ಲ. ಅದರ ಮುಂದಿನ ಬುಧವಾರವೂ ಬರಲಿಲ್ಲ.

ಲೇಲೆ ಮೇಡಂ ಹತ್ತಿರ ಹೋಗಿ ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ನಿಯಮ ಪಾಲಿಸಿದೆನಲ್ಲ! ಅವರು ಚಹಾದ ಕಪ್ ಕೆಳಗಿಟ್ಟು, "ಅವನ ಮಗಳು ಡಬ್ಬಾನ ಏನು ಮಾಡ್ತಾಳೆ?" ಎಂದರು.

"ವಾಪಸ್ ಕಳಿಸ್ತಾಳೆ" ಎಂದೆ. ಅಷ್ಟು ಹೇಳುತ್ತಲೇ ನನ್ನ ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಒಬ್ಬಳು ಮಗಳು ಸಾಲದು ಅಂತ ನೀನು ಎರಡನೆಯವಳಾದೆ."

ನನ್ನ ಕಿವಿಯೆಲ್ಲ ಬಿಸಿಯಾಯಿತು. ಉಡುಪಿಯ ಹೋಟೆಲಿನವರು ತಂದ ಊಟವನ್ನು ಬೇಡ ಎನ್ನುವುದು ಎಂದರೆ ಏನು ಎಂದು, ಇಂಥ ಹೋಟೆಲುಗಳ ನಡುವೆಯೇ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಆದರೆ ನಿಜ ಹೇಳುತ್ತೇನೆ, ನಾಚಿಕೆಯ ಜೊತೆಗೇ ಒಂದು ಉತ್ಸಾಹವೂ ಉಕ್ಕಿ ಬಂತು. ಘನ್ಸೋಲಿಯಲ್ಲಿ ಆಗುತ್ತಿದ್ದದ್ದು ನನ್ನ ಕೋಣೆಗೇ ಬಂದುಬಿಟ್ಟಿತ್ತಲ್ಲ! ಈಗ ಅದನ್ನು ಸರಿಮಾಡುವ ಅವಕಾಶ ನಮ್ಮಿಬ್ಬರಿಗೂ ಇತ್ತು. ಎದ್ದು ನಿಲ್ಲುವ ರಭಸಕ್ಕೆ ಮೇಡಂ ಮನೆಯ ಟೀಪಾಯಿ ಮೇಲೆಲ್ಲ ಚಹಾ ಚೆಲ್ಲಿದೆ. ಒರೆಸಿಯೇ ಹೋಗಬೇಕೆಂದು ಅವರು ಗದರಿದರು.

ಫೋನ್ ಮಾಡಿದೆ. "ಹೋಟೆಲಲ್ಲಿ ಸ್ವಲ್ಪ ಬ್ಯುಸಿ ಡಾಕ್ಟ್ರೇ" ಎಂದರು.

"ಶೆಟ್ರ, ನಾ ತಪ್ಪು ಮಾಡೀನ್ರಿ. ಎದುರಿಗೆ ಕೂತು ಹೇಳಬೇಕು. ಒಂದು ಸಲ ಬರ್ರಿ."

ಆ ಕಡೆ ಯಾರಿಗೋ ಚಹಾ ಕೊಡಲು ಹೇಳಿದರು. ಆಮೇಲೆ, "ನೀವು ಎಂತ ತಪ್ಪು ಮಾಡಿದ್ದು ಮಾರಾಯ್ರೆ?" ಎಂದರು. ಆದರೆ ಬುಧವಾರ ಬಂದರು.

ನಿಮ್ಮ ಡಬ್ಬಾ ವಾಪಸು ಕಳಿಸಿದೆ, ನಿಮಗೆ ನೋವಾಗಿರಬೇಕು, ಅದನ್ನು ಆವತ್ತೇ ನಾನು ಕೇಳಬೇಕಿತ್ತು ಎಂದೆ. ಇಲ್ಲ ಇಲ್ಲ ಎಂದು ತಲೆಯಾಡಿಸಿದರು. "ಸಿಟ್ಟು ಬಂತೇನ್ರಿ?" ಎಂದೆ. ಮತ್ತೆ ಇಲ್ಲ ಎಂದರು. ಕೊನೆಗೆ, "ಬಂತು" ಎಂದರು. "ಸ್ಟೇಷನ್ ಮೆಟ್ಟಿಲ ಮೇಲೆ ಒಬ್ಬ ಕೂತಿದ್ದ, ಅವನಿಗೆ ಕೊಟ್ಟು ಹೋದೆ. ಆ ಡಬ್ಬಾವನ್ನು ಹಾಗೇ ತಿರುಗಿ ತಗೊಂಡು ಹೋಗಲಿಕ್ಕೆ ನನ್ನಿಂದ ಆಗ್ಲಿಲ್ಲ." ಅರವತ್ತರ ಆ ಮನುಷ್ಯ ತನಗೆ ಸಿಟ್ಟು ಬಂದದ್ದನ್ನು ಒಬ್ಬರ ಮುಖಕ್ಕೆ ಹೇಳಿದ್ದು ಅದೇ ಮೊದಲಂತೆ! ಹೇಳಿದ ಮೇಲೂ ನಾನು ಎದ್ದು ಹೋಗಲಿಲ್ಲ ಎಂಬುದೇ ಅವರಿಗೆ ಆಶ್ಚರ್ಯ.

ಮುಂದಿನ ವಾರ ಡಬ್ಬಾ ಮತ್ತೆ ಬಂತು, ಈ ಸಲ ನಾನು ತಿಂದೆ. ಕಡುಬು ಹೂವಿನ ಹಾಗಿತ್ತು. ತಿನ್ನುತ್ತಾ ಇದ್ದ ಹಾಗೆ ನನಗೆ ಒಂದು ವಿಚಿತ್ರ ಭಾವನೆ ಬಂತು. ಮೊದಲಾಗಿದ್ದರೆ ನುಂಗಿಕೊಳ್ಳುತ್ತಿದ್ದೆ, ಈಗ ಹೇಳಿಬಿಟ್ಟೆ. "ಶೆಟ್ರ, ಕಡುಬು ಭಾಳ ಛಲೋ ಅದಾವ. ಆದ್ರ ನೀವು ನನ್ನ ಮಾರಿ ನೋಡವಲ್ರಿ, ಬರೇ ತಾಟು ನೋಡಾಕತ್ತೀರಿ. ನೀವು ಎದುರಿಗೇ ಇದ್ರೂ ನಾ ಒಬ್ಬಾಕಿನ ಕೂತು ಉಣ್ಣಾಕತ್ತೀನಿ ಅನಸ್ತದ."

ಕೆಳಗಿನ ಹೊಲಿಗೆ ಯಂತ್ರ ನಿಂತು ಮತ್ತೆ ಶುರುವಾಯಿತು.

"ಮಗಳೂ ಇದನ್ನೇ ಹೇಳಿದ್ದು" ಎಂದರು.

ಆಮೇಲೆ ಎಲ್ಲ ಹೊರಬಂತು. ಹೆಂಡತಿ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದಳು. ಶೆಟ್ರು ಮೂರು ಹೊತ್ತೂ ಡಬ್ಬಾ ಕಳಿಸುತ್ತಿದ್ದರು. ನರ್ಸುಗಳಿಗೂ, ಪಕ್ಕದ ಮಂಚದವರಿಗೂ ಸಾಕಾಗುವಷ್ಟು. ಅಪರೂಪಕ್ಕೆ ತಾವೇ ಹೋದರೂ ಹತ್ತು ನಿಮಿಷ ನಿಂತು, ಖಾಲಿ ಡಬ್ಬಾ ಎತ್ತಿಕೊಂಡು ಬರುತ್ತಿದ್ದರು. ಕೊನೆಯ ದಿನ ಮಧ್ಯಾಹ್ನವೂ ಡಬ್ಬಾ ಹೋಗಿತ್ತು. ಕ್ರಿಯೆಗಳೆಲ್ಲ ಮುಗಿದ ಮೇಲೆ ಮಗಳು ಒಂದೇ ಮಾತು ಹೇಳಿ ಮನೆ ಬಿಟ್ಟಿದ್ದಳು. "ಡಬ್ಬಾ ಬರ್ತಿತ್ತು ಪಪ್ಪಾ. ನೀವು ಬರಲಿಲ್ಲ."

"ಅಲ್ಲಿ ಕೂತು ಎಂತ ಮಾಡುವುದು ಡಾಕ್ಟ್ರೇ? ಕೈಯಲ್ಲಿ ಕೆಲಸ ಇಲ್ಲದಿದ್ರೆ ನನಗೆ ಹೆದರಿಕೆ ಆಗ್ತದೆ. ಅವಳು ತಿನ್ನದೆ ಮಲಗಿದ್ದನ್ನು ನೋಡಲಿಕ್ಕೆ ನನಗೆ ಧೈರ್ಯ ಇರ್ಲಿಲ್ಲ." ಹೇಳುತ್ತಾ ಅತ್ತರು. ನನಗೂ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಮುಂದಿನ ಕೆಲವು ತಿಂಗಳು ನಾವು ಮಾಡಿದ ಕೆಲಸ ಕೇಳಿದರೆ ನೀವು ನಗುತ್ತೀರಿ. ಸುಮ್ಮನೆ ಕೂಡುವುದು! ಕೈ ಖಾಲಿ ಇಟ್ಟುಕೊಂಡು, ಏನನ್ನೂ ಕೊಡದೆ, ಐದು ನಿಮಿಷ ನನ್ನ ಎದುರು ಕೂಡುವುದು. ಎರಡನೆಯ ನಿಮಿಷಕ್ಕೆ ಅವರು ಮೇಜಿನ ಮೇಲಿನ ಪೇಪರ್ ಸರಿಮಾಡುತ್ತಿದ್ದರು. "ಶೆಟ್ರ, ಕೈ!" ಎಂದರೆ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಕ್ಕು ಹಿಂದಕ್ಕೆ ತೆಗೆಯುತ್ತಿದ್ದರು. ಒಂದು ಸಲ ಗೋಡೆ ಗಡಿಯಾರ ಓರೆಯಾಗಿದೆ ಎಂದು ಎದ್ದೇಬಿಟ್ಟಿದ್ದರು. ಐದು ನಿಮಿಷ ಹತ್ತಾಯಿತು. ಅವರಿಗೆ ಗಂಜಿಯ ಜೊತೆ ಒಂದೆರಡು ತುತ್ತು ಅನ್ನವೂ ಇಳಿಯತೊಡಗಿತು. ಒಂದು ಬುಧವಾರ ಪೂರ್ತಿ ಕಾಲು ಗಂಟೆ ನಾವಿಬ್ಬರೂ ಮಾತಿಲ್ಲದೆ ಕೂತಿದ್ದೆವು. ಅವರು ನನ್ನ ಮುಖ ನೋಡಿ, "ನಿಮಗೆ ಇವತ್ತು ಮೈ ಹುಷಾರಿಲ್ಲ ಅಲ್ವಾ?" ಎಂದರು. ಹೌದು, ಬೆಳಿಗ್ಗೆಯಿಂದ ಜ್ವರವಿತ್ತು. ಅಷ್ಟು ಹೊತ್ತಿಗೆ ಮನೆಯಲ್ಲಿ ಕೂಡ ಯಾರೂ ಗಮನಿಸಿರಲಿಲ್ಲ! ಆ ಸಂತೋಷ ನನಗೆ ಇವತ್ತಿಗೂ ಇದೆ.

ಅದೇ ದಿನ ಅವರು, "ನೀವೇ ಒಂದು ಫೋನ್ ಮಾಡಿ ಅವಳಿಗೆ ಹೇಳಿ. ಪಪ್ಪಾ ಬದಲಾಗಿದ್ದಾರೆ ಅಂತ. ನೀವು ಹೇಳಿದ್ರೆ ಕೇಳ್ತಾಳೆ" ಎಂದರು. ನಂಬರನ್ನೂ ಚೀಟಿಯಲ್ಲಿ ಬರೆದು ತಂದಿದ್ದರು. ಚೀಟಿಗೆ ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹೋಗದೆ ಏನು? ಎಂಟನೆಯ ವಯಸ್ಸಿನಿಂದಲೇ ಅಭ್ಯಾಸವಾದ ಕೈ! ನಡುವೆ ನಿಂತು ಎರಡು ಒಳ್ಳೆಯ ಮಾತು ಸೇರಿಸಿ ಹೇಳಿದರೆ ಮುಗಿಯಿತು ಎನ್ನಿಸಿತು. ಕೈ ಹಿಂದಕ್ಕೆ ಎಳೆದುಕೊಂಡೆ. ನಮ್ಮ ಚಾಳಿನ ಕೋಣೆಯ ಕಥೆಯನ್ನು ಅವರಿಗೆ ಹೇಳಿದೆ. "ನಾ ಅಷ್ಟು ವರ್ಷ ಮಾತು ಒಯ್ದೆ ಶೆಟ್ರ. ನಮ್ಮಪ್ಪ ಅವ್ವ ಕಡೀತನಕ ಒಬ್ಬರಿಗೊಬ್ಬರು ಮಾತಾಡೋದು ಕಲೀಲೇ ಇಲ್ಲ. ನಿಮ್ಮ ಮಾತು ನಾ ಒಯ್ಯಂಗಿಲ್ರಿ. ನೀವ ಹೋಗ್ರಿ."

"ಬಾಗಿಲು ತೆಗೀದಿದ್ರೆ?"

"ಬುಧವಾರ ಇಲ್ಲೆ ಬರ್ರಿ. ನಾ ಇರತೀನಿ."

ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಆ ವಾರವಿಡೀ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಬಾಗಿಲು ತೆರೆಯದಿದ್ದರೆ ಈ ಮನುಷ್ಯ ಇನ್ನೆಂದೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಬುಧವಾರ ಎರಡೂವರೆಗೇ ಹೋಗಿ ಕೋಣೆ ತೆಗೆದು ಕಾದೆ. ಮೂರಕ್ಕೆ ಬಂದರು. ಆವತ್ತು ಅವರು ಕುರ್ಚಿಯಲ್ಲಿ ಪೂರ್ತಿ ಒರಗಿ ಕೂತರು.

ಭಾನುವಾರ ಠಾಣೆಯಲ್ಲಿ ಗಾಡಿ ಬದಲಿಸಿ ಘನ್ಸೋಲಿಗೆ ಹೋದೆ ಎಂದರು. ಮಗಳು ಬಾಗಿಲು ತೆಗೆದವಳು ಮೊದಲು ನೋಡಿದ್ದು ಅವರ ಕೈಗಳನ್ನು. "ಡಬ್ಬಾ ಕಹಾಂ ಹೈ?" ಎಂದಳಂತೆ.

"ತರಲಿಲ್ಲ ಮಗಾ. ಸ್ವಲ್ಪ ಹೊತ್ತು ಕೂತ್ಕೊಳ್ಳಲಿಕ್ಕೆ ಬಂದದ್ದು."

ಅವಳು ಬಾಗಿಲಲ್ಲೇ ತುಂಬಾ ಹೊತ್ತು ನಿಂತಿದ್ದಳು. ಆಮೇಲೆ ಪಕ್ಕಕ್ಕೆ ಸರಿದಳು. ಒಳಗೆ ಒಂದೇ ಸೋಫಾ. ಇಬ್ಬರೂ ಎರಡು ತುದಿಯಲ್ಲಿ ಕೂತರು. ಎಷ್ಟೋ ಹೊತ್ತಿನ ಮೇಲೆ ಅವಳು ನೆಲ ನೋಡುತ್ತಾ ಕೇಳಿದಳು, "ಮಮ್ಮಿ ದಿನಾ ನಿಮ್ಮನ್ನ ಕೇಳ್ತಿದ್ಳು. ಪತಾ ಹೈ ಆಪ್‌ಕೋ?"

"ಗೊತ್ತಿತ್ತು. ಹೆದರಿ ಬರಲಿಲ್ಲ ಅಂದೆ ಡಾಕ್ಟ್ರೇ. ಅಷ್ಟೇ ಹೇಳಿದ್ದು. ಅವಳು ಅಳಲಿಕ್ಕೆ ಶುರು ಮಾಡಿದ್ಳು. ಅವಳ ತಾಯಿ ಹೋದಾಗ ಕೂಡ ನನ್ನ ಎದುರು ಅತ್ತವಳಲ್ಲ."

"ನೀವು ಏನು ಮಾಡಿದ್ರಿ?" ಎಂದೆ.

"ಅಡುಗೆಮನೆ ಎದುರೇ ಕಾಣ್ತಿತ್ತು. ಎದ್ದು ನೀರು ತಂದು ಕೊಡುವ ಅಂತ ಕಾಲು ಎಳೀತಿತ್ತು" ಎಂದರು ಶೆಟ್ರು. "ಏಳಲಿಲ್ಲ. ಅವಳ ಹತ್ತಿರ ಸರಿದು ಕೂತೆ. ಅವಳು ಅತ್ತು ಮುಗಿಯುವವರೆಗೆ ಅಲ್ಲೇ ಕೂತಿದ್ದೆ."